ಗದ್ದೆ ಬೈಲಿನ ಬೇಟೆಗಾರ ಮೀನು ಮಡೆಂಜಿ: ಅದರ ಗುರುತು ಮತ್ತು ನೆಲೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಸೀಮೆಯ ರೈತರಿಗೆ ಕಾರ್ತಿ ಬೆಳೆಯ ನಾಟಿ ಮತ್ತು ಗದ್ದೆಗೆ ಮೀನು ಹತ್ತುವುದು ಎರಡೂ ಒಂದೇ ಕಾಲದ ಮಾತು. ಮೃಗಶಿರಾ ಮಳೆ ಹಿಡಿದು ತೋಡುಗಳಲ್ಲಿ ಕೆಂಪು ನೀರು ಹರಿಯತೊಡಗಿದ ಕೂಡಲೇ ಸಂಜೆ ಹೊತ್ತು ಬದುವಿನ ಕಡಿಯಲ್ಲಿ ಕೂಳಿ ಇಡುವವರೂ ರಾತ್ರಿ ಬೆಳಕು ಹಿಡಿದು ಬೈಲಿಗೆ ಇಳಿಯುವವರೂ ಕಾಣಸಿಗುತ್ತಾರೆ. ಹೀಗೆ ಸಿಗುವ ಮೀನುಗಳಲ್ಲಿ ಬೆಲೆಯಲ್ಲಿಯೂ ರುಚಿಯಲ್ಲಿಯೂ ಮುಂದಿರುವುದು ಮಡೆಂಜಿ. ಆದರೆ ಇದೇ ಮೀನು ಕಾಟ್ಲಾ, ರೋಹು ಮರಿಗಳನ್ನು ಬಿಟ್ಟ ಹೊಂಡಕ್ಕೆ ಹೊಕ್ಕರೆ ರೈತನು ವರ್ಷವಿಡೀ ಪಟ್ಟ ಶ್ರಮವನ್ನು ಸದ್ದಿಲ್ಲದೆ ನುಂಗಿ ಹಾಕುತ್ತದೆ.

ಲೇಖಕನು ಬೇಸಾಯಶಾಸ್ತ್ರದವನು, ಮೀನುಗಾರಿಕೆಯವನಲ್ಲ. ಭತ್ತದ ಬೆಳೆ ನೋಡಲು ಹೋದ ಕಡೆ ರೈತರು ಮೀನಿನ ವಿಷಯ ಕೇಳಿ ಕೇಳಿ, ಉತ್ತರ ಹುಡುಕುತ್ತ ಈ ಮೀನಿನ ಹಿಂದೆ ಬೀಳಬೇಕಾಯಿತು. ಕೆಲವು ವರ್ಷಗಳ ಹಿಂದೆ ಹಾಲಾಡಿ ಕಡೆಯ ರೈತರೊಬ್ಬರು ತಮ್ಮ ತೋಟದ ಹೊಂಡದ ದಡಕ್ಕೆ ಕರೆದುಕೊಂಡು ಹೋಗಿ, "ಬಿಟ್ದ್ ಮುನ್ನೂರ್ ಮರಿ ಸಾರ್, ಬಲೆ ಹಾಕ್ರೆ ಮೂವತ್ತೂ ಇಲ್ಲೆ ಕಾಣಿ" ಎಂದರು. ಮರಿ ಕೊಟ್ಟವರು ಮೋಸ ಮಾಡಿದರೆಂದೂ, ಕೊಕ್ಕರೆ ತಿಂದಿತೆಂದೂ, ನೆರೆಯವರು ಕದ್ದರೆಂದೂ ಅವರಿಗೆ ಮೂರು ಸಂಶಯಗಳು. ಹೊಂಡದ ನೀರನ್ನು ಪಂಪಿನಿಂದ ತೆಗೆಸಿ ನೋಡಿದಾಗ ಕೆಸರಿನಲ್ಲಿ ಮೊಳಕೈ ಉದ್ದದ ನಾಲ್ಕು ಮಡೆಂಜಿಗಳು ಹೊರಬಿದ್ದವು. ನೆರೆಯವರ ಮೇಲಿನ ಸಂಶಯ ಅಲ್ಲಿಗೆ ಬಗೆಹರಿಯಿತೆನ್ನುವುದು ಒಂದು ಲಾಭ. ಆದರೆ ಆ ಮೀನುಗಳು ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಮೇಲೆದ್ದು ಗಾಳಿ ಕುಡಿಯುತ್ತಿದ್ದರೂ ಮನೆಯವರು ಗುರುತಿಸಿರಲಿಲ್ಲ. ಗುರುತು ತಿಳಿದಿದ್ದರೆ ಮರಿಗಳು ಉಳಿಯುತ್ತಿದ್ದವು.

ಹೆಸರುಗಳು

ಮಡೆಂಜಿ ಎಂಬುದು ತುಳುವಿನ ಹೆಸರು. ಬ್ರಹ್ಮಾವರದ ಕಡೆ ತುಳು, ಕನ್ನಡ ಎರಡೂ ಬಳಕೆಯಲ್ಲಿರುವುದರಿಂದ ಈ ಹೆಸರು ಎಲ್ಲರಿಗೂ ಪರಿಚಿತ. ಘಟ್ಟದ ಮೇಲಿನ ಕೆರೆ ಪ್ರದೇಶಗಳಲ್ಲಿ ಕೊರವ, ಮುರ್ಲು ಎನ್ನುತ್ತಾರೆ. ತೆಲುಗಿನವರ ಕೊರಮೀನು, ಮಲಯಾಳಿಗಳ ವರಾಲ್, ತಮಿಳರ ವಿರಾಲ್ ಎಲ್ಲವೂ ಇದೇ ಬಳಗ. ತಲೆ ಹಾವಿನ ತಲೆಯನ್ನು ಹೋಲುವುದರಿಂದ ಇಂಗ್ಲಿಷಿನಲ್ಲಿ ಸ್ನೇಕ್‌ಹೆಡ್ ಎಂದು ಹೆಸರು. ಶಾಸ್ತ್ರೀಯವಾಗಿ ಇವೆಲ್ಲ ಚನ್ನಾ ಎಂಬ ಜಾತಿಗೆ ಸೇರಿವೆ. ಗದ್ದೆಗಳಲ್ಲಿ ಸಾಮಾನ್ಯವಾಗಿರುವ ಚನ್ನಾ ಸ್ಟ್ರಯಾಟಾ ಎಂಬ ಪ್ರಭೇದವನ್ನು 1793ರಲ್ಲಿ ಜರ್ಮನಿಯ ಬ್ಲಾಖ್ ಎಂಬ ವಿಜ್ಞಾನಿ ಮೊದಲು ವರ್ಣಿಸಿದನು.

ಗುರುತಿಸುವುದು ಹೇಗೆ?

ಮಡೆಂಜಿಯ ಮೈ ಒನಕೆಯಂತೆ ಉರುಟಾಗಿ ಉದ್ದವಾಗಿದ್ದು ಬಾಲದ ಕಡೆ ಮಾತ್ರ ಸ್ವಲ್ಪ ಚಪ್ಪಟೆಯಾಗಿರುತ್ತದೆ. ತಲೆ ಮೇಲಿನಿಂದ ಒತ್ತಿದಂತೆ ಚಪ್ಪಟೆ. ತಲೆಯ ಮೇಲಿನ ಹುರುಪೆಗಳು ದೊಡ್ಡವಾಗಿದ್ದು ಹಾವಿನ ತಲೆಯ ಹಲ್ಲೆಗಳಂತೆ ಜೋಡಣೆಯಾಗಿರುತ್ತವೆ. ಬಾಯಿ ಅಗಲ, ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕೆಳದವಡೆಯಲ್ಲಿ ಕೋರೆಯಂಥ ಚೂಪು ಹಲ್ಲುಗಳಿರುವುದರಿಂದ ಬಾಯಿಗೆ ಬೆರಳಿಟ್ಟು ಹಿಡಿಯುವುದು ಜಾಣತನವಲ್ಲ. ಬೆನ್ನಿನ ಈಜುರೆಕ್ಕೆ ಕತ್ತಿನ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಪಟ್ಟಿಯಾಗಿ ಸಾಗುತ್ತದೆ. ಹೊಟ್ಟೆಯ ಹಿಂಭಾಗದ ರೆಕ್ಕೆಯೂ ಉದ್ದವೇ. ಯಾವ ರೆಕ್ಕೆಯಲ್ಲಿಯೂ ಚುಚ್ಚುವ ಮುಳ್ಳಿಲ್ಲ. ಬಾಲದ ಅಂಚು ಕವಲೊಡೆಯದೆ ದುಂಡಾಗಿರುತ್ತದೆ. ಸಾಕಣೆಯ ಗೆಂಡೆ ಜಾತಿಯ ಮೀನುಗಳಿಗೆಲ್ಲ ಬಾಲ ಕವಲೊಡೆದಿರುವುದರಿಂದ ಈ ಒಂದು ಗುರುತೇ ಎರಡನ್ನೂ ಬೇರ್ಪಡಿಸಲು ಸಾಕು.

ಬಣ್ಣವನ್ನು ಮಾತ್ರ ನಂಬಿ ಕುಳಿತುಕೊಳ್ಳಬಾರದು. ಕೆಂಪು ಮಣ್ಣಿನ ಹೊಂಡದ ಮೀನು ಕಂದು, ಪಾಚಿ ಕಟ್ಟಿದ ಮದಗದ್ದು ಕಡುಗಪ್ಪು, ತಿಳಿನೀರಿನದು ಬೂದು. ಸಾಮಾನ್ಯವಾಗಿ ಬೆನ್ನು ಕಪ್ಪು ಮಿಶ್ರಿತ ಹಸಿರು, ಹೊಟ್ಟೆ ಬಿಳಿ, ಪಕ್ಕೆಗಳಲ್ಲಿ ಓರೆಯಾಗಿ ಇಳಿಯುವ ಕಪ್ಪು ಪಟ್ಟೆಗಳು ಇರುತ್ತವೆ. ಒಂದು ಮೀಟರಿನವರೆಗೂ ಬೆಳೆಯಬಲ್ಲದಾದರೂ ನಮ್ಮ ಗದ್ದೆ ತೋಡುಗಳಲ್ಲಿ ಕೈಗೆ ಸಿಗುವುದು ಹೆಚ್ಚಾಗಿ ಮೊಳಕೈ ಉದ್ದದ ಮೀನು.

ಇದೇ ಬಳಗದ ಇನ್ನೂ ಕೆಲವು ಮೀನುಗಳನ್ನು ರೈತರು ತಿಳಿದಿರಬೇಕು. ಹೂವಿನ ಮುರ್ಲು ಎಂಬುದು ಎಲ್ಲಕ್ಕಿಂತ ದೊಡ್ಡದು, ಒಂದು ಮೀಟರನ್ನೂ ಮೀರುತ್ತದೆ. ಮರಿ ಮೀನಿನ ಬಾಲದ ಬುಡದ ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣದ ಬಳೆ ತೊಡಿಸಿದಂತೆ ಕಾಣುವ ಕಪ್ಪು ಕಣ್ಣು ಇರುತ್ತದೆ. ಇದು ಹೊಳೆಯ ಆಳವಾದ ಕಯಗಳ ಮತ್ತು ಜಲಾಶಯಗಳ ಮೀನು. ಗದ್ದೆಗೆ ಬರುವುದು ಅಪರೂಪ. ಬೆಳ್ಳಿಕೊರವ ಸಣ್ಣದು, ಒಂದಡಿಯ ಒಳಗೇ ಅದರ ಬೆಳವಣಿಗೆ ನಿಲ್ಲುತ್ತದೆ. ಘಟ್ಟದ ಬುಡದ ಕಲ್ಲು ತೊರೆಗಳಲ್ಲಿ ಗೇಣುದ್ದದ ಇನ್ನೊಂದು ಪ್ರಭೇದವಿದೆ. ಅದರ ಬೆನ್ನು ಮತ್ತು ಬಾಲದ ರೆಕ್ಕೆಗಳ ಅಂಚು ಕಿತ್ತಳೆ ಕೆಂಪು. ದೊಡ್ಡ ಮಡೆಂಜಿಯ ಮರಿಯೆಂದು ಇದನ್ನು ತಂದು ಹೊಂಡಕ್ಕೆ ಬಿಟ್ಟು, ಎರಡು ವರ್ಷ ಕಾದರೂ ಬೆಳೆಯಲಿಲ್ಲವೆಂದು ಪೇಚಾಡಿದವರಿದ್ದಾರೆ.

ಮುಗುಡನ್ನು ಮಡೆಂಜಿಯೊಡನೆ ಯಾರೂ ಗೊಂದಲ ಮಾಡಿಕೊಳ್ಳರು. ಮುಗುಡಿಗೆ ಮೀಸೆಗಳಿವೆ, ಹುರುಪೆಗಳಿಲ್ಲ, ಪಕ್ಕದ ರೆಕ್ಕೆಯಲ್ಲಿ ಚುಚ್ಚುವ ಮುಳ್ಳಿದೆ. ಆದರೆ ಮುಗುಡಿನ ಹೆಸರಿನಲ್ಲಿ ಆಫ್ರಿಕಾದ ಕ್ಯಾಟ್‌ಫಿಶ್ ಮರಿಗಳನ್ನು ಮಾರುವವರ ಬಗ್ಗೆ ಎಚ್ಚರ ಬೇಕು. ಅದರ ಮೈಮೇಲೆ ಅಮೃತಶಿಲೆಯಂತೆ ಮಚ್ಚೆ ಮಚ್ಚೆಯ ಬಣ್ಣವಿದ್ದು, ಹಲವು ಕಿಲೋ ತೂಕಕ್ಕೆ ಬೆಳೆದು, ಎದುರಿಗೆ ಬಂದ ಜೀವಿಯನ್ನೆಲ್ಲ ತಿನ್ನುತ್ತದೆ. ಕೇಂದ್ರ ಸರ್ಕಾರವು 2000ದಲ್ಲಿಯೇ ಅದರ ಸಾಕಣೆಯನ್ನು ನಿಷೇಧಿಸಿದೆ. ನಮ್ಮ ತೋಡುಗಳಿಗೆ ಅದು ತಪ್ಪಿಸಿಕೊಂಡು ಬಂದರೆ ಮಡೆಂಜಿಯ ಮರಿಗೂ ಉಳಿಗಾಲವಿಲ್ಲ.

ಗಾಳಿ ಕುಡಿಯುವ ಮೀನು

ಮಡೆಂಜಿಯ ನೆಲೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ಉಸಿರಾಟವನ್ನು ತಿಳಿಯಬೇಕು. ಕಿವಿರುಗಳ ಮೇಲ್ಭಾಗದಲ್ಲಿ ಇದಕ್ಕೆ ಒಂದು ಜೊತೆ ಗಾಳಿಗೂಡುಗಳಿವೆ. ಮೀನು ಆಗಾಗ ನೀರಿನ ಮೇಲಕ್ಕೆ ಬಂದು, ಬಾಯಿಂದ ಗಾಳಿಯನ್ನು ಗುಟುಕರಿಸಿ, ಈ ಗೂಡುಗಳಲ್ಲಿ ತುಂಬಿಕೊಂಡು ಆಮ್ಲಜನಕವನ್ನು ಹೀರುತ್ತದೆ. ಕಿವಿರುಗಳಿಂದ ಸಿಗುವ ಆಮ್ಲಜನಕ ಮಾತ್ರ ಅದಕ್ಕೆ ಸಾಲದು. ಆದ್ದರಿಂದ ಬಲೆಯಲ್ಲಿ ಸಿಕ್ಕಿ ಮೇಲೇಳಲಾಗದ ಮಡೆಂಜಿ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ.

ಗೊಬ್ಬರದಿಂದ ಕೊಳೆತ ಹೊಂಡ, ಬೇಸಿಗೆಯಲ್ಲಿ ಬಿಸಿಯಾದ ಕುಂಟೆ, ಜೊಂಡು ಬೆಳೆದ ಮದಗ, ಕೆಸರು ಕದಡಿದ ನಾಟಿಗದ್ದೆ ಹೀಗೆ ಬೇರೆ ಮೀನು ಬದುಕಲಾರದ ಕಡೆ ಮಡೆಂಜಿ ಬದುಕುವುದು ಈ ಕಾರಣದಿಂದ. ಒದ್ದೆ ನೆಲದ ಮೇಲೆ ಮೈ ತಿರುಚುತ್ತ, ಪಕ್ಕದ ರೆಕ್ಕೆಗಳನ್ನು ಊರುತ್ತ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುವುದೂ ಇದರಿಂದಲೇ ಸಾಧ್ಯ. ಮಳೆಯ ರಾತ್ರಿ ಬದುವಿನ ಮೇಲೆ ಹೀಗೆ ಹರಿಯುವ ಮೀನನ್ನು ಒಳ್ಳೆಹಾವೆಂದು ತಿಳಿದು ಹೊಡೆದವರೂ ಇದ್ದಾರೆ. ಒಳ್ಳೆಹಾವನ್ನು ಮೀನೆಂದು ಹಿಡಿದವರೂ ಇದ್ದಾರೆನ್ನಿ.

ಈ ಗುಣವೇ ಹೊರದೇಶದಲ್ಲಿ ಭಯ ಹುಟ್ಟಿಸಿದೆ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಒಂದು ಕೊಳದಲ್ಲಿ ಇದರ ಚೀನೀ ಸಂಬಂಧಿಯಾದ ಸ್ನೇಕ್‌ಹೆಡ್ ಕಾಣಿಸಿಕೊಂಡಾಗ, ಆ ದೇಶವು ಈ ಕುಟುಂಬದ ಜೀವಂತ ಮೀನುಗಳ ಆಮದನ್ನೇ ಅದೇ ವರ್ಷ ನಿಷೇಧಿಸಿತು. ಅಲ್ಲಿ ಅದು ಹೊರಗಿನಿಂದ ಬಂದ ಪಿಡುಗು. ನಮ್ಮಲ್ಲಿ ಮಡೆಂಜಿ ಮೂಲನಿವಾಸಿ. ಅದನ್ನು ತಿನ್ನುವ ಕೊಕ್ಕರೆ, ನೀರುನಾಯಿ, ಹಾವುಗಳೂ ಇಲ್ಲಿಯವೇ.

ವಾಸಸ್ಥಾನ: ಒಂದು ಮನೆಯಲ್ಲ, ಎರಡು

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ನಾಲ್ಕು ತಿಂಗಳು ಬೈಲೆಲ್ಲ ನೀರು. ಮಾರ್ಚ್ ಕಳೆದರೆ ಬಿರುಕು ಬಿಟ್ಟ ನೆಲ. ಮಡೆಂಜಿಯ ಜೀವನ ಈ ಏರಿಳಿತಕ್ಕೆ ಸರಿಯಾಗಿ ಎರಡು ನೆಲೆಗಳಲ್ಲಿ ಹಂಚಿಹೋಗಿದೆ.

ಮಳೆಗಾಲದ ನೆಲೆ ಬೈಲು ಗದ್ದೆ ಮತ್ತು ಅದಕ್ಕೆ ಕೂಡುವ ತೋಡು. ಬೆಟ್ಟು ಗದ್ದೆಗಳಲ್ಲಿ ನೀರು ನಿಲ್ಲದ್ದರಿಂದ ಅಲ್ಲಿ ಇದು ಕಾಣದು, ಮಜಲಿನಲ್ಲಿ ಅಲ್ಪಸ್ವಲ್ಪ. ಬೈಲಿನ ಮೊಣಕಾಲುದ್ದದ ನೀರಿನಲ್ಲಿ ಕಳೆ, ಹುಲ್ಲು ಇರುವ ಮೂಲೆಯನ್ನು ಆರಿಸಿ, ಗಂಡು ಹೆಣ್ಣು ಸೇರಿ ಹುಲ್ಲನ್ನು ಸರಿಸಿ ತಟ್ಟೆಯಗಲದ ತಿಳಿಜಾಗ ಮಾಡಿಕೊಳ್ಳುತ್ತವೆ. ಜೇನುಬಣ್ಣದ ಮೊಟ್ಟೆಗಳು ಅಲ್ಲಿ ನೀರಿನ ಮೇಲೆಯೇ ತೇಲುತ್ತವೆ. ಒಂದೆರಡು ದಿನಗಳಲ್ಲಿ ಒಡೆದು ಮರಿಗಳಾಗುತ್ತವೆ. ಮರಿಗಳು ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ್ದಾಗಿದ್ದು, ನೂರಾರು ಒಟ್ಟಾಗಿ ಮುದ್ದೆಯಂತೆ ಚಲಿಸುತ್ತವೆ. ನೀರಿನ ಮೇಲ್ಮೈ ಮಳೆಹನಿ ಬಿದ್ದಂತೆ ಪುಟಪುಟನೆ ಅಲುಗುತ್ತದೆ. ಅದರ ಕೆಳಗೆ ಮೊಳಕೈ ಆಳದಲ್ಲಿ ತಾಯಿಯೋ ತಂದೆಯೋ ಕಾವಲಿರುತ್ತದೆ. ಗಂಡಿನ ಕಾವಲೇ ಹೆಚ್ಚು. ಮರಿಗಳು ಬೆರಳುದ್ದವಾಗಿ ಬಣ್ಣ ಕಂದಾಗುತ್ತ ಬಂದಂತೆ ಗುಂಪು ಚದುರಿ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ.

ಈ ಕೆಂಪು ಮರಿಗಳ ಗುಂಪನ್ನು ಕಂಡೊಡನೆ ಅದರ ಕೆಳಗೆ ಗಾಳ ಇಳಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು. ಕಾವಲಿನ ಮೀನು ಮರಿಗಳನ್ನು ಉಳಿಸಲು ಎದುರು ಬಂದದ್ದನ್ನೆಲ್ಲ ಕಚ್ಚುವುದರಿಂದ ಗಾಳಕ್ಕೆ ಸುಲಭವಾಗಿ ಬೀಳುತ್ತದೆ. ಆದರೆ ಅದನ್ನು ಹಿಡಿದ ಮೇಲೆ ಕಪ್ಪೆ, ನೀರುಹುಳು, ಇತರ ಮೀನುಗಳು ಸೇರಿ ಮರಿಗಳನ್ನು ಮುಗಿಸುತ್ತವೆ. ಒಂದು ಊಟಕ್ಕಾಗಿ ಮುಂದಿನ ವರ್ಷದ ಬೈಲಿನ ಬೀಜವನ್ನೇ ಬೇಯಿಸಿದಂತೆ. ಜೂನ್, ಜುಲೈನಲ್ಲಿ ಮರಿಯ ಗುಂಪಿನ ಮೇಲೆ ಗಾಳ ಹಾಕಬಾರದೆಂದು ಒಂದು ಬೈಲಿನವರು ತಮ್ಮೊಳಗೆ ಮಾತಾಡಿಕೊಂಡರೆ ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಬೇಸಿಗೆಯ ನೆಲೆ ಮದಗ, ಕೆರೆ, ತೋಡಿನ ಗುಂಡಿ ಮತ್ತು ಕಿಂಡಿ ಅಣೆಕಟ್ಟಿನ ಹಿನ್ನೀರು. ಬಾರ್ಕೂರಿನ ಸುತ್ತಿನ ಹಳೆಯ ಕೆರೆಗಳು, ಸೀತಾ ಮತ್ತು ವಾರಾಹಿ ಹೊಳೆಗಳಿಗೆ ಕೂಡುವ ತೋಡುಗಳು, ಬೈಂದೂರು ಕಡೆ ಸೌಪರ್ಣಿಕೆಯ ಮೇಲ್ಭಾಗದ ಸಿಹಿನೀರಿನ ಗುಂಡಿಗಳು ಇಂಥ ನೆಲೆಗಳಿಗೆ ತಕ್ಕ ಜಾಗಗಳು. ಹೊಳೆಗಳು ಸೇರುವ ಗಂಗೊಳ್ಳಿಯ ಅಳಿವೆಯ ಉಪ್ಪುನೀರಿನಲ್ಲಿ ಇದು ನೆಲಸದು. ನೀರು ಆರುತ್ತ ಬಂದಾಗ ಮಡೆಂಜಿ ಕೆಸರಿನೊಳಗೆ ಹೂತುಕೊಂಡು, ಮೈಯ ಲೋಳೆಯಿಂದ ಚರ್ಮವನ್ನು ಒದ್ದೆಯಾಗಿಟ್ಟು, ಅಲುಗಾಡದೆ ಮಳೆಗಾಗಿ ಕಾಯುತ್ತದೆ. ಕೆಸರು ಒದ್ದೆಯಾಗಿರುವವರೆಗೆ ಮಾತ್ರ ಈ ಉಪಾಯ ನಡೆಯುತ್ತದೆ.

ಬೇಸಿಗೆಯ ಈ ನೆಲೆ ಇಲ್ಲವಾದರೆ ಎಷ್ಟು ಒಳ್ಳೆಯ ಬೈಲಿದ್ದರೂ ಮಳೆಗಾಲದಲ್ಲಿ ಹತ್ತಲು ಮೀನೇ ಇರುವುದಿಲ್ಲ. "ಈಗ ಗದ್ದೆಗೆ ಮೀನು ಹತ್ತುವುದಿಲ್ಲ" ಎಂಬ ಮಾತನ್ನು ನಾನು ಕೇಳಿದಲ್ಲೆಲ್ಲ ಮೊದಲು ಕೇಳುವ ಪ್ರಶ್ನೆ, "ನಿಮ್ಮ ಮದಗದಲ್ಲಿ ಏಪ್ರಿಲ್ ಕೊನೆಗೆ ಎಷ್ಟು ನೀರಿರುತ್ತದೆ?" ಎಂಬುದು. ಉತ್ತರ ಹೆಚ್ಚಾಗಿ ಒಂದೇ. ತೋಟಕ್ಕೆ ಪಂಪು ಹಚ್ಚಿ ತಳ ಕಾಣುವವರೆಗೆ ನೀರೆತ್ತುತ್ತಾರೆ, ಅಥವಾ ಮದಗವನ್ನೇ ಮಣ್ಣು ತುಂಬಿಸಿ ಮುಚ್ಚಿದ್ದಾರೆ.

ಮದಗದ ಅತಿ ಆಳದ ಮೂಲೆಯಲ್ಲಿ ಮೊಣಕಾಲುದ್ದದ ನೀರನ್ನು ಮಳೆ ಬರುವವರೆಗೆ ಬಿಟ್ಟರೆ ಸಾಕು. ಹೂಳೆತ್ತುವಾಗ ಯಂತ್ರವನ್ನು ಇಡೀ ತಳದ ಮೇಲೆ ಒಂದೇ ವರ್ಷ ಆಡಿಸದೆ, ಕಾಲುಭಾಗವನ್ನು ಮುಂದಿನ ವರ್ಷಕ್ಕೆ ಬಿಡಬೇಕು. ಎತ್ತಿದ ಕೆಸರಿನಲ್ಲಿ ಮೀನಿದ್ದರೆ ಮರಳಿ ನೀರಿಗೆ ಹಾಕಬೇಕು. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರಿಗೆ ಮೊದಲೇ ತೆಗೆದರೆ ನೆರೆಯ ಅಪಾಯ ತಪ್ಪುವುದಲ್ಲದೆ ಮೀನು ಮೇಲಕ್ಕೇರುವ ದಾರಿಯೂ ತೆರೆಯುತ್ತದೆ.

ಗದ್ದೆಯ ಬೇಸಾಯ ಮತ್ತು ಮಡೆಂಜಿ

ಮಡೆಂಜಿ ಮರಿಯಾಗಿದ್ದಾಗ ನೀರಿನ ಸೂಕ್ಷ್ಮ ಜೀವಿಗಳನ್ನು, ಬೆರಳುದ್ದದಲ್ಲಿ ನೀರುಹುಳುಗಳನ್ನು, ಬೆಳೆದ ಮೇಲೆ ಸಣ್ಣ ಮೀನು, ಕಪ್ಪೆ, ಗೊದಮೊಟ್ಟೆ, ಸೀಗಡಿಗಳನ್ನು ತಿನ್ನುತ್ತದೆ. ಭತ್ತದ ಪೈರನ್ನು ತಿನ್ನುವುದಿಲ್ಲ. ಕಪ್ಪೆ ತಿನ್ನುವುದರಿಂದ ಕೀಟ ಹೆಚ್ಚುವುದಿಲ್ಲವೇ ಎಂದು ವಿಸ್ತರಣಾ ಕಾರ್ಯಕರ್ತರೊಬ್ಬರು ಕೇಳಿದ್ದರು. ಕಪ್ಪೆಯೂ ಮೀನೂ ಒಟ್ಟಿಗೆ ಇದ್ದ ಬೈಲುಗಳಲ್ಲಿಯೇ ನಮ್ಮ ಹಿರಿಯರು ಭತ್ತ ಬೆಳೆದದ್ದು. ಎರಡನ್ನೂ ಒಟ್ಟಿಗೆ ಕೊಂದದ್ದು ಔಷಧದ ಡಬ್ಬಿ.

ಸೈಪರ್‌ಮೆಥ್ರಿನ್, ಲಾಂಬ್ಡಾ ಸೈಹಲೋಥ್ರಿನ್ ಮೊದಲಾದ ಪೈರಿಥ್ರಾಯ್ಡ್ ಕೀಟನಾಶಕಗಳು ಮನುಷ್ಯನಿಗೆ ಹೋಲಿಕೆಯಲ್ಲಿ ಕಡಿಮೆ ಅಪಾಯದವಾದರೂ ಮೀನಿಗೆ ಅತಿ ವಿಷ. ಮೀನುಗಳಿಗೆ ಘೋರ ವಿಷವಾಗಿದ್ದ ಎಂಡೋಸಲ್ಫಾನ್ 2011ರಲ್ಲಿ ನಿಷೇಧವಾಯಿತು. ಫೋರೇಟ್ ಹರಳನ್ನು 2020ರ ಕೊನೆಯಿಂದ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಅಟ್ಟದಲ್ಲಿ ಉಳಿದಿದ್ದರೆ ಬಳಸಬಾರದು. ಎಂ.ಓ.4 ತಳಿ ಬೆಳೆಯುವ ನಮ್ಮ ಬೈಲುಗಳಲ್ಲಿ ಕೀಟದ ಪ್ರಮಾಣವನ್ನು ಎಣಿಸಿ ನೋಡದೆ, ಪಕ್ಕದವರು ಹೊಡೆದರೆಂದು ಹೊಡೆಯುವ ಸಿಂಪಡಣೆಯೇ ಹೆಚ್ಚು. ಅನಿವಾರ್ಯವಾದರೆ ಮಳೆ ಬಿಡುವಿರುವ ದಿನ ಗದ್ದೆಯ ಕಡಿಗಳನ್ನು ಕಟ್ಟಿ ಸಿಂಪಡಿಸಬೇಕು. ಸಿಂಪಡಿಸಿದ ನೀರನ್ನು ಹಲವು ದಿನ ತೋಡಿಗೆ ಬಿಡಬಾರದು. ಪಂಪು ತೊಳೆಯುವುದನ್ನು ತೋಡಿನಲ್ಲಿ ಎಂದಿಗೂ ಮಾಡಬಾರದು.

ಬೈಲಿನ ತಗ್ಗು ಮೂಲೆಯಲ್ಲಿ ಎರಡು ಮೂರು ಅಡಿ ಆಳದ ಗುಂಡಿ ತೋಡಿ, ಗದ್ದೆಯ ಒಂದು ಬದಿಗೆ ಚರಂಡಿ ಹಿಡಿದು ಅದಕ್ಕೆ ಕೂಡಿಸಿದರೆ, ಕೊಯ್ಲಿಗೆ ಗದ್ದೆಯ ನೀರು ಇಳಿಸುವಾಗ ಮೀನು ತಾನಾಗಿ ಗುಂಡಿಗೆ ಇಳಿಯುತ್ತದೆ. ದೊಡ್ಡದನ್ನು ಹಿಡಿದುಕೊಂಡು, ಸುಮಾರು ಒಂದಡಿಗಿಂತ ಸಣ್ಣದನ್ನು ಮದಗಕ್ಕೆ ಬಿಡಬಹುದು. ಒಂದಡಿಯ ಹೊತ್ತಿಗೆ ಮೀನು ಬೆದೆಗೆ ಬರುವುದರಿಂದ ಈ ಅಳತೆ. ಗುಂಡಿ ಚರಂಡಿಗಳಿಗೆ ಗದ್ದೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಜಾಗ ಕೊಡುವುದು ಭತ್ತದ ದೃಷ್ಟಿಯಿಂದ ಲಾಭದಾಯಕವಲ್ಲ.

ಸಾಕಣೆ ಹೊಂಡದಲ್ಲಿ ಏನು ಮಾಡಬೇಕು?

ಗೆಂಡೆ ಮೀನು ಸಾಕುವ ಹೊಂಡದಲ್ಲಿ ಮಡೆಂಜಿಗೆ ಜಾಗವಿಲ್ಲ. ದಯೆ ತೋರಿದರೆ ನಷ್ಟ. ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಬತ್ತಿಸಿ ತಳ ಬಿರುಕು ಬಿಡುವವರೆಗೆ ಒಣಗಿಸುವುದು ಎಲ್ಲಕ್ಕಿಂತ ಉತ್ತಮ. ಒರತೆಯಿಂದ ಬತ್ತಿಸಲಾಗದಿದ್ದರೆ ಹಿಪ್ಪೆ ಹಿಂಡಿಯನ್ನು ಬಳಸಬಹುದು. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,000ದಿಂದ 2,500 ಕೆ.ಜಿ. ಬೇಕು. ಅಂದರೆ ಐದು ಸೆಂಟಿನ ಹೊಂಡಕ್ಕೆ 40ರಿಂದ 50 ಕೆ.ಜಿ. ಹಿಂಡಿಯನ್ನು ನೀರಿನಲ್ಲಿ ನೆನೆಸಿ ಹೊಂಡಕ್ಕೆಲ್ಲ ಸಮನಾಗಿ ಎರಚಬೇಕು. ಸತ್ತು ತೇಲಿದ ಮೀನು ತಿನ್ನಲು ಯೋಗ್ಯ. ವಿಷ ಇಳಿಯಲು ಸುಮಾರು ಮೂರು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಮರಿ ಬಿಡಬಾರದು. ಆ ಮೇಲೆ ಹಿಂಡಿಯೇ ಗೊಬ್ಬರವಾಗುತ್ತದೆ. ಹೊರಹರಿವು ಇರುವ ಹೊಂಡಕ್ಕೆ ಇದನ್ನು ಹಾಕಲೇಬಾರದು. ತೋಡು, ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ನೀರು ಒಳಬರುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಮೀನು ಒದ್ದೆ ನೆಲದ ಮೇಲೆ ಬರುವುದರಿಂದ, ಹೊಂಡದ ಸುತ್ತ ದಡದ ಮೇಲೆ ಎರಡಡಿ ಎತ್ತರಕ್ಕೆ ಬಲೆ ನಿಲ್ಲಿಸಿ ಬುಡವನ್ನು ಮಣ್ಣಿನಲ್ಲಿ ಹೂಳಬೇಕು. ಹಾಲಾಡಿಯ ಆ ಹೊಂಡಕ್ಕೆ ಬಾಗಿಲ ಬಲೆ ಇತ್ತು, ದಡದ ಬಲೆ ಇರಲಿಲ್ಲ. ಬೇರೆ ಮದಗದ ಜೊಂಡು, ಪಾಚಿಯನ್ನು ತಂದು ಹಾಕುವಾಗ ಅದರೊಡನೆ ಮೊಟ್ಟೆ ಮರಿಗಳೂ ಬರಬಹುದು. ಬಿತ್ತನೆ ಮರಿಗಳು ನಾಲ್ಕು ಅಂಗುಲಕ್ಕಿಂತ ಸಣ್ಣವಿರಬಾರದು.

ರೋಗ

ಮಡೆಂಜಿಯ ಮೈಮೇಲೆ ಕೆಂಪು ಹುಣ್ಣುಗಳು ಕಂಡರೆ ಅದು ಹುಣ್ಣು ರೋಗ. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟು ದೇಶವೆಲ್ಲ ಹರಡಿದ ಈ ರೋಗಕ್ಕೆ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಕಾರಣ. ಹೆಚ್ಚು ಹೊಡೆತ ಬಿದ್ದದ್ದು ಮಡೆಂಜಿ ಬಳಗಕ್ಕೇ. ಮಳೆ ಕಳೆದು ತಂಪು ಹಿಡಿಯುವ ತಿಂಗಳುಗಳಲ್ಲಿ, ಹುಳಿ ಮಣ್ಣಿನ ನೀರಿನಲ್ಲಿ ಇದು ಹೆಚ್ಚು. ನಮ್ಮ ಮುರಕಲ್ಲು ಸೀಮೆಯ ಮಣ್ಣು ಹುಳಿಯೇ ಆದ್ದರಿಂದ ಮಳೆಗಾಲದ ಕೊನೆಗೆ ಹೆಕ್ಟೇರಿಗೆ 100ರಿಂದ 200 ಕೆ.ಜಿ.ಯಂತೆ, ಐದು ಸೆಂಟಿನ ಹೊಂಡಕ್ಕೆ ಎರಡರಿಂದ ನಾಲ್ಕು ಕೆ.ಜಿ. ಸುಣ್ಣ ಹಾಕುವುದು ಒಳ್ಳೆಯದು. ಹುಣ್ಣಾದ ಮೀನನ್ನು ಇನ್ನೊಂದು ಮದಗಕ್ಕೆ ಸಾಗಿಸಬಾರದು.

ಜೀವಂತ ಸಾಗಣೆ

ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಈ ಮೀನಿನ ಸಾರು ಕೊಡುವ ರೂಢಿಯಿದ್ದು, ಜೀವಂತವಾಗಿ ಮಾರಿದರೆ ಮಾತ್ರ ಪೂರ್ಣ ಬೆಲೆ ಸಿಗುತ್ತದೆ. ಪೇಟೆಗೆ ಒಯ್ಯುವಾಗ ಕೊಡದ ಕಾಲುಭಾಗ ನೀರು ಹಾಕಿ, ಬಾಯಿಗೆ ಒದ್ದೆ ಗೋಣಿ ಬಿಗಿದು ಕಟ್ಟಬೇಕು. ಕಟ್ಟದಿದ್ದರೆ ಹಾರಿ ಹೋಗುತ್ತದೆ. ಹೆಚ್ಚು ನೀರಿದ್ದರೆ ಹೆಚ್ಚು ಕ್ಷೇಮವೆಂದು ಕಂಠಮಟ್ಟ ತುಂಬಿಸಿ ಮುಚ್ಚಳ ಹಾಕಿದರೆ, ಮೇಲೆ ಗಾಳಿಗೆ ಜಾಗವಿಲ್ಲದೆ ಕುಂದಾಪುರ ಸಂತೆ ತಲುಪುವ ಮೊದಲೇ ಮೀನು ಸತ್ತಿರುತ್ತದೆ.